ಬಾಗಿಲು ಹಾಕ್ಲಾ, ತಾತ?

ಹೋದ ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಊಟ ಮುಗಿದಿತ್ತು. ನಾನು ಹಜಾರದ ಆರಾಮಕುರ್ಚಿಯಲ್ಲಿ ಪತ್ರಿಕೆಯ ಪದಬಂಧ ಹಿಡಿದು ಕೂತಿದ್ದೆ. ಒಳಕೋಣೆಯಿಂದ ಮೊಮ್ಮಗಳ ಕೂಗು ಬಂತು.

"ತಾತಾ, ಬೇಗ ಬಾ! ಬಾಗಿಲು ಹಾಕ್ಲಾ, ಬೇಡ್ವಾ?"

ಬೀದಿಬಾಗಿಲಿನ ಮಾತು ಇರಬೇಕೆಂದುಕೊಂಡು, "ಹಾಕಮ್ಮ, ಬಿಸಿಲು ಒಳಗೆ ಹೊಡೀತಿದೆ" ಎಂದೆ.

"ಆ ಬಾಗಿಲಲ್ಲ ತಾತ, ಬೆಟ್ಟದ ಬಾಗಿಲು! ಶತ್ರುಗಳು ಬಂದ್ಬಿಟ್ಟಿದಾರೆ. ನಮ್ಮೋನೊಬ್ಬ ಇನ್ನೂ ಆಚೇನೇ ಇದಾನೆ!"

ಪದಬಂಧ ಅಲ್ಲೇ ಬಿಟ್ಟು ಎದ್ದೆ. ಎಪ್ಪತ್ತು ದಾಟಿದ ಮೊಣಕಾಲು ಅಷ್ಟು ಬೇಗ ಎದ್ದದ್ದು ನನಗೇ ಆಶ್ಚರ್ಯ.

ಆ ಬಾಗಿಲಿನ ಕಥೆ ಹೇಳುವುದಕ್ಕೇ ಇವತ್ತು ಪೆನ್ನು ಹಿಡಿದಿದ್ದೇನೆ. ಆದರೆ ಮೊದಲು ಆ ಬೆಟ್ಟ ನಮ್ಮ ಮನೆಗೆ ಹೇಗೆ ಬಂತು ಎಂದು ಹೇಳಬೇಕು.

ಅಣ್ಣತಮ್ಮ ಕಟ್ಟಿದ ಕೋಟೆ

ನನ್ನ ಮೊಮ್ಮಗಳಿಗೆ ಹನ್ನೆರಡು ವರ್ಷ. ಪುಟ್ಟಿ ಎಂದೇ ಕರೆಯೋಣ. ರಜೆಗೆ ಬರುವಾಗ ಅಪ್ಪನ ಹಳೆಯ ಲ್ಯಾಪ್‌ಟಾಪ್ ಹೊತ್ತು ತಂದಿದ್ದಳು. ಅದರಲ್ಲೊಂದು ಆಟ. ಹೆಸರು 'ಡ್ವಾರ್ಫ್ ಫೋರ್ಟ್ರೆಸ್', ಅಂದರೆ ಕುಳ್ಳರ ಕೋಟೆ. ನಮ್ಮ ಮನೆಯಾಕೆ ಮೊದಲ ದಿನವೇ ಕರಾರು ಹಾಕಿದಳು: ದಿನಕ್ಕೆ ಒಂದು ಗಂಟೆ, ಅಡುಗೆಮನೆಯ ಅಲಾರಂ ಹೊಡೆದರೆ ಮುಚ್ಚಿಡಬೇಕು. ಮೂರನೇ ದಿನಕ್ಕೆ ಆ ಕರಾರಿಗೆ ನಾನೂ ಸಹಿ ಹಾಕಬೇಕಾಯಿತು. ಯಾಕೆಂದರೆ ಪಕ್ಕದ ಕುರ್ಚಿಯಲ್ಲಿ ನಾನೂ ಕೂರಲು ಶುರು ಮಾಡಿದ್ದೆ.

ಈ ಆಟವನ್ನು ದೊಡ್ಡ ಕಂಪನಿಯ ನೂರಾರು ಜನ ಮಾಡಿದ್ದಲ್ಲ. ಅಮೆರಿಕದ ಅಣ್ಣತಮ್ಮಂದಿರಿಬ್ಬರು ಮಾಡಿದ್ದು. ಅಣ್ಣ ಜ್ಯಾಕ್ ಆಡಮ್ಸ್, ತಮ್ಮ ಟಾರ್ನ್ ಆಡಮ್ಸ್. ತಮ್ಮ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಆಮೇಲೆ ಸಿಕ್ಕಿದ್ದ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಇದೇ ಕೆಲಸಕ್ಕೆ ಕೂತರು. 2002ರಲ್ಲಿ ಶುರು ಮಾಡಿದ ಆಟ 2006ರಲ್ಲಿ ಹೊರಗೆ ಬಂತು. ಬೆಲೆ ಇಲ್ಲ, ಉಚಿತ! ಇಷ್ಟವಾದವರು ಕೈಲಾದಷ್ಟು ಹಣ ಕಳಿಸುತ್ತಿದ್ದರು. ಹಾಗೆ ಕಳಿಸಿದವರಿಗೆ ಅಣ್ಣತಮ್ಮ ಕ್ರೇಯಾನ್‌ನಲ್ಲಿ ಒಂದು ಚಿತ್ರವನ್ನೋ, ಒಂದು ಪುಟ್ಟ ಕಥೆಯನ್ನೋ ಬರೆದು ಕೊಡುತ್ತಿದ್ದರಂತೆ. ಇದು ಪುಟ್ಟಿಗೆ ಬಹಳ ಹಿಡಿಸಿತು.

ಆ ಕಾಲದಲ್ಲಿ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ಟೈಪ್ ಮಾಡುವ ಅಕ್ಷರಗಳೇ ಬೆಟ್ಟ, ಮರ, ಮನುಷ್ಯ. ಶತ್ರು ಎಂದರೆ ಇಂಗ್ಲಿಷಿನ ಸಣ್ಣ 'ಜಿ' ಅಕ್ಷರ. ನಮ್ಮ ಲೆಡ್ಜರ್ ಹಾಳೆಯ ಹಾಗೆ ಕಾಣುವ ಆ ಆಟವನ್ನು 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆ ವರ್ಷ ಅದು ಆರಿಸಿದ ಹದಿನಾಲ್ಕು ವಿಡಿಯೊ ಆಟಗಳಲ್ಲಿ ಇದೂ ಒಂದು. ಮುಂದೆ ವೈದ್ಯಕೀಯ ಖರ್ಚಿನ ಚಿಂತೆ ಕಾಡಿದಾಗ ಅಣ್ಣತಮ್ಮ ಚಿತ್ರಗಳಿರುವ ರೂಪವೊಂದನ್ನು ಹಣಕ್ಕೆ ಮಾರಲು ನಿಶ್ಚಯಿಸಿದರು. ಅದು 2022ರ ಡಿಸೆಂಬರ್‌ನಲ್ಲಿ ಬಂತು, ಲಕ್ಷಗಟ್ಟಲೆ ಪ್ರತಿ ಹೋಯಿತು. ಹಳೆಯ ಅಕ್ಷರದ ರೂಪ ಈಗಲೂ ಉಚಿತವೇ. ಹದಿನಾರು ವರ್ಷ ಕಾದು ಬಂದ ಬಡ್ಡಿ ಅದು ಎಂದು ನನ್ನ ಲೆಕ್ಕ.

ಏಳು ಜನ, ಒಂದು ಗಾಡಿ

ಆಟ ಶುರುವಾಗುವುದು ಏಳು ಜನ ಕುಳ್ಳರಿಂದ. ಒಂದು ಗಾಡಿ, ಒಂದಿಷ್ಟು ದವಸ, ಗುದ್ದಲಿ, ಕೊಡಲಿ, ಕೆಲವು ಪ್ರಾಣಿಗಳು. ಎದುರಿಗೆ ಬೆಟ್ಟ. ಬೆಟ್ಟವನ್ನು ಕೊರೆದು ಒಳಗೆ ಊರು ಕಟ್ಟಬೇಕು. ಹೊರಗೆ ಚಳಿ, ಮಳೆ, ಕಾಡುಪ್ರಾಣಿ. ಒಳಗೆ ಕಲ್ಲಿನ ಗೋಡೆಯೇ ರಕ್ಷೆ. ಕುಳ್ಳರು ನೆಲದಡಿಯ ಮಣ್ಣಿನಲ್ಲಿ ಅಣಬೆ ಬೆಳೆಯುತ್ತಾರೆ. ಅದನ್ನೇ ತಿನ್ನುತ್ತಾರೆ, ಅದನ್ನೇ ಹುದುಗಿಸಿ ಕುಡಿಯುತ್ತಾರೆ. ಆ ಪಾನೀಯಕ್ಕೆ ಪುಟ್ಟಿ ಅಜ್ಜಿಯ ಮುಂದೆ 'ಅಣಬೆ ಪಾನಕ' ಎಂದು ಹೆಸರಿಟ್ಟಿದ್ದಾಳೆ. ನಾನೂ ತಿದ್ದಲು ಹೋಗಿಲ್ಲ.

ಇಲ್ಲಿ ಆಡುವವರು ಯಾವ ಕುಳ್ಳನನ್ನೂ ಕೈಹಿಡಿದು ನಡೆಸುವ ಹಾಗಿಲ್ಲ. 'ಇಲ್ಲಿ ಅಗೆಯಿರಿ', 'ಅಲ್ಲಿ ಮಂಚ ಹಾಕಿ' ಎಂದು ಆಜ್ಞೆ ಬರೆದಿಡಬಹುದು, ಅಷ್ಟೇ. ಯಾರಿಗೆ ಬಿಡುವಿದೆಯೋ ಅವರು ಬಂದು ಮಾಡುತ್ತಾರೆ. ಹಸಿವಾದರೆ ಊಟಕ್ಕೆ ಹೋಗುತ್ತಾರೆ, ನಿದ್ದೆ ಬಂದರೆ ಮಲಗುತ್ತಾರೆ. ನಮ್ಮ ಶಾಖೆಯಲ್ಲೂ ಹೀಗೇ ಇತ್ತು. ಆದ್ದರಿಂದ ನನಗೆ ಆಟ ಬೇಗ ಅರ್ಥವಾಯಿತು.

ಊರು ಬೆಳೆದ ಹಾಗೆ ವಲಸೆ ಬರುವವರು ಬರುತ್ತಾರೆ. ಶರತ್ಕಾಲದಲ್ಲಿ ತವರಿನಿಂದ ವ್ಯಾಪಾರಿಗಳ ಗಾಡಿ ಬರುತ್ತದೆ. ಮಕ್ಕಳು ಹುಟ್ಟುತ್ತವೆ. ಒಬ್ಬೊಬ್ಬರಿಗೂ ಹೆಸರು, ಇಷ್ಟಾನಿಷ್ಟ, ಗೆಳೆಯರು, ಕೋಪತಾಪ ಎಲ್ಲ ಇದೆ. ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ನಾವಿಬ್ಬರೂ ಸೇರಿ ಅಡ್ಡಹೆಸರು ಇಟ್ಟೆವು. ಮೇಕೆ ನೋಡಿಕೊಳ್ಳುವವನು 'ಮೇಕೆ ಮಾಮ'. ಯಾವಾಗಲೂ ಮಲಗಿರುವವನು 'ಸೋಮಾರಿ ಶೆಟ್ಟಿ'. ಇವರಿಬ್ಬರನ್ನೂ ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಬರುತ್ತಾರೆ.

ಗುಮಾಸ್ತನಿಗೂ ಒಂದು ಕುರ್ಚಿ

ಎರಡನೇ ವಾರ ಒಂದು ದಿನ ಕೇಳಿದೆ: "ಪುಟ್ಟೀ, ಉಗ್ರಾಣದಲ್ಲಿ ಊಟ ಎಷ್ಟಿದೆ?"

"ಇದೆ ತಾತ, ಸುಮಾರಾಗಿದೆ."

ಸುಮಾರು! ಮೂವತ್ತೈದು ವರ್ಷ ದಿನಾ ಸಂಜೆ ಪೈಸೆಗೆ ಪೈಸೆ ಟ್ಯಾಲಿ ಮಾಡಿದವನ ಎದುರು ಸುಮಾರು! ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಕೂತವರು ನಾವು.

ಹುಡುಕಿದಾಗ ಗೊತ್ತಾಯಿತು, ಆಟದಲ್ಲಿ ಲೆಕ್ಕ ಬರೆಯುವವನ ಹುದ್ದೆಯೇ ಒಂದಿದೆ! ಒಬ್ಬ ಕುಳ್ಳನನ್ನು ಗುಮಾಸ್ತನನ್ನಾಗಿ ನೇಮಿಸಿ, ಅವನಿಗೊಂದು ಕಚೇರಿ ಕೊಟ್ಟರೆ, ಅವನು ಕೂತು ದಾಸ್ತಾನು ಎಣಿಸುತ್ತಾನೆ. ಅಲ್ಲಿಯವರೆಗೆ ತೆರೆಯ ಮೇಲೆ ಕಾಣುವುದೆಲ್ಲ ಅಂದಾಜಿನ ಅಂಕಿ. ಅವನು ಕೆಲಸ ಮಾಡಿದ ಮೇಲೆ ಸರಿಯಾದ ಅಂಕಿ. ನನ್ನ ಕಣ್ಣಿಗೆ ಇಡೀ ಆಟದಲ್ಲಿ ಇದಕ್ಕಿಂತ ದೊಡ್ಡ ವೀರ ಇನ್ನೊಬ್ಬನಿಲ್ಲ. ನನ್ನ ಒತ್ತಾಯಕ್ಕೆ ಪುಟ್ಟಿ ಅವನಿಗೆ ಒಳ್ಳೆಯ ಮೇಜು ಕುರ್ಚಿ ಹಾಕಿಸಿದಳು.

ಆ ಗುಮಾಸ್ತನ ಲೆಕ್ಕ ನೋಡಿದಾಗ ಇನ್ನೊಂದು ವಿಷಯ ಕಂಡಿತು. ಪುಟ್ಟಿ ಬಂಗಾರದ ಗಣಿ ಸಿಕ್ಕಿದ ಸಂತೋಷದಲ್ಲಿ ಬಂಗಾರದ ಪ್ರತಿಮೆ, ಬಂಗಾರದ ಲೋಟ ಎಂದು ಮಾಡಿಸಿ ವ್ಯಾಪಾರಿಗಳಿಗೆ ಗಾಡಿಗಟ್ಟಲೆ ಮಾರಿದ್ದಳು. ಈ ಆಟದಲ್ಲಿ ಶತ್ರುಗಳು ಸುಮ್ಮನೆ ಬರುವುದಿಲ್ಲ. ಊರಿನ ಜನಸಂಖ್ಯೆ, ಊರಿನಲ್ಲಿ ಮಾಡಿದ ಸಂಪತ್ತು, ಹೊರಗೆ ಮಾರಿದ ಮಾಲು, ಇವು ಬೆಳೆದ ಹಾಗೆ ಅವರ ಕಣ್ಣು ಬೀಳುತ್ತದೆ. ಬಡ ಊರಿಗೆ ಚಿಲ್ಲರೆ ಕಳ್ಳರು ಬರುತ್ತಾರೆ, ಸಿರಿವಂತ ಊರಿಗೆ ದಂಡೇ ಬರುತ್ತದೆ.

"ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಸೆರಗು ಹೊದ್ದು ಸರ ಮುಚ್ಚಿಕೊಳ್ಳೋದು ಯಾಕೆ ಅಂತ ಈಗ ಗೊತ್ತಾಯ್ತಾ?" ಎಂದಳು ಬಾಗಿಲಲ್ಲಿ ನಿಂತಿದ್ದ ಅಜ್ಜಿ.

ಕೋಟೆಗೆ ಬೇಕಾದ್ದೇನು?

ಇನ್ನು ದಂಡು ಬರುವುದು ಖಂಡಿತ ಎಂದಾದ ಮೇಲೆ ನಾವಿಬ್ಬರೂ ಕೂತು ರಕ್ಷಣೆಯ ಯೋಜನೆ ಮಾಡಿದೆವು. ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದದ್ದು ನಾನು, ಅಗೆಸಿದ್ದು ಪುಟ್ಟಿ.

ಮೊದಲನೆಯದು, ಬಾಗಿಲು ಒಂದೇ ಇರಬೇಕು. ಬೆಟ್ಟಕ್ಕೆ ನಾಲ್ಕು ಕಡೆ ತೂತು ಕೊರೆದು ನಾಲ್ಕನ್ನೂ ಕಾಯುತ್ತೇನೆ ಎನ್ನುವುದು ಆಗದ ಮಾತು. ಚಿತ್ರದುರ್ಗದ ಓಬವ್ವನ ಕಥೆ ನಮಗೆಲ್ಲ ಗೊತ್ತು. ಹೈದರಾಲಿಯ ಸೈನಿಕರು ಬಂದದ್ದು ಒಬ್ಬೊಬ್ಬರೇ ನುಸುಳಬೇಕಾದ ಬಂಡೆಯ ಸಂದಿಯಿಂದ. ಅದಕ್ಕೇ ಒಬ್ಬ ಹೆಂಗಸು, ಒಂದು ಒನಕೆ ಅಷ್ಟು ಜನರಿಗೆ ಸಾಕಾಯಿತು. ದಾರಿ ಕಿರಿದಾದಷ್ಟೂ ಕಾಯುವವರ ಬಲ ಹಿರಿದು. ಅದೇ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಏಳು ಸುತ್ತಿನ ಕೋಟೆಗೆ ಅಪಾಯ ಬಂದದ್ದು ದೊಡ್ಡ ಬಾಗಿಲಿನಿಂದಲ್ಲ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಕಿಂಡಿಯಿಂದ. ಪುಟ್ಟಿಯ ಕೋಟೆಯಲ್ಲೂ ಮುಚ್ಚಳವಿಲ್ಲದ ಒಂದು ಬಾವಿ ಇತ್ತು. ಮೇಲಿನಿಂದ ಹಾರುವ ಪ್ರಾಣಿ ಬಂದರೆ ನೇರ ಊಟದ ಮನೆಗೇ ಇಳಿಯಬಹುದು. ಅದಕ್ಕೆ ಮೇಲುಗಡೆ ಕಲ್ಲು ಹೊದಿಸಿದೆವು.

ಎರಡನೆಯದು, ಬಾಗಿಲ ಮುಂದೆ ಕಂದಕ, ಅದರ ಮೇಲೆ ಎತ್ತುವ ಸೇತುವೆ. ಒಳಗಿನ ಒಂದು ಲಿವರ್ ಎಳೆದರೆ ಸೇತುವೆ ಎದ್ದು ಗೋಡೆಯಾಗಿ ನಿಲ್ಲುತ್ತದೆ. ಸಾಮಾನ್ಯ ಬಾಗಿಲನ್ನು ಶತ್ರುಗಳ ಜೊತೆ ಬರುವ ಟ್ರೋಲ್ ಎಂಬ ದೈತ್ಯರು ಮುರಿದು ಹಾಕುತ್ತಾರೆ, ಎತ್ತಿದ ಸೇತುವೆಯನ್ನು ಮುರಿಯಲಾರರು. ಆ ಲಿವರನ್ನು ಎಲ್ಲಿಡಬೇಕು? ಪುಟ್ಟಿ ಬಾಗಿಲ ಪಕ್ಕದಲ್ಲೇ ಇಟ್ಟಿದ್ದಳು. ನಾನು ಊಟದ ಮನೆಯಲ್ಲಿಡು ಎಂದೆ. ಎಳೆಯುವವರು ಬಿಡುವಾಗಿ ಹತ್ತಿರ ಇರಬೇಕಲ್ಲ? ಯಾವ ಊರಿನಲ್ಲೂ ಊಟದ ಮನೆ ಖಾಲಿ ಇರುವುದಿಲ್ಲ.

ಮೂರನೆಯದು, ಬಾಗಿಲಲ್ಲಿ ನಾಯಿ. ಈ ಆಟದಲ್ಲಿ ಮಾಲು ಕದಿಯುವ ಕಳ್ಳರಲ್ಲದೆ ಮಕ್ಕಳನ್ನು ಹೊತ್ತೊಯ್ಯುವ ಗಾಬ್ಲಿನ್‌ಗಳೂ ಕಣ್ಣಿಗೆ ಬೀಳದಂತೆ ನುಸುಳುತ್ತಾರೆ. ಸರಪಳಿಯಲ್ಲಿ ಕಟ್ಟಿದ ನಾಯಿ ಅವರನ್ನು ಕಂಡುಹಿಡಿಯುತ್ತದೆ.

ನಾಲ್ಕನೆಯದು, ಪಕ್ಕದಲ್ಲಿ ಅಂಕುಡೊಂಕಾದ ಒಂದು ಉದ್ದನೆಯ ಓಣಿ, ಅದರ ತುಂಬ ಬೋನುಗಳು. ನಮ್ಮವರು ನಡೆದರೆ ಏನೂ ಆಗದು, ಶತ್ರು ಕಾಲಿಟ್ಟರೆ ಬೋನು ಬೀಳುತ್ತದೆ. ಓಣಿಯ ಪಕ್ಕದ ಗೋಡೆಯಲ್ಲಿ ಬಾಣ ಬಿಡುವ ಕಿಂಡಿಗಳು. ಈ ಓಣಿಯ ಬಾಯಿಗೂ ಬೇರೆಯದೇ ಒಂದು ಸೇತುವೆ. ನಾವು ಇಳಿಸುವವರೆಗೆ ಅದು ಎತ್ತಿಯೇ ಇರುತ್ತದೆ.

ಇದೆಲ್ಲ ಆಟದ ಕಲ್ಪನೆ ಮಾತ್ರ ಎಂದುಕೊಳ್ಳಬೇಡಿ. ಟರ್ಕಿ ದೇಶದ ಕಪ್ಪಡೋಸಿಯಾ ಪ್ರಾಂತ್ಯದಲ್ಲಿ ಡೆರಿಂಕುಯು ಎಂಬ ಊರಿದೆ. ಅದರ ಕೆಳಗೆ ಮೆದುವಾದ ಜ್ವಾಲಾಮುಖಿ ಕಲ್ಲಿನಲ್ಲಿ ಕೊರೆದ ನಿಜವಾದ ನೆಲದಡಿಯ ನಗರವಿದೆ. ಆಳ ಸುಮಾರು 85 ಮೀಟರ್. ದನದ ಕೊಟ್ಟಿಗೆ, ಉಗ್ರಾಣ, ಪ್ರಾರ್ಥನೆಯ ಕೋಣೆ, ಬಾವಿ, ಗಾಳಿ ಬರುವ ಕೊಳವೆ ಎಲ್ಲ ಇವೆ. ಬೈಜಾಂಟಿನ್ ಕಾಲದಲ್ಲಿ ದಾಳಿಯಾದಾಗ ಊರಿನವರು ದನಕರು ಸಮೇತ ಇಳಿದುಬಿಡುತ್ತಿದ್ದರು. ಬಾಗಿಲು ಎಂದರೆ ಬೀಸುಕಲ್ಲಿನ ಹಾಗಿರುವ ದೊಡ್ಡ ದುಂಡುಕಲ್ಲು. ಒಳಗಿನಿಂದ ಉರುಳಿಸಿದರೆ ಮುಗಿಯಿತು, ಹೊರಗಿನವರು ತೆಗೆಯುವುದು ಬಲು ಕಷ್ಟ. ಒಂದೊಂದು ಅಂತಸ್ತನ್ನೂ ಬೇರೆಬೇರೆಯಾಗಿ ಮುಚ್ಚಬಹುದಿತ್ತು. 1963ರಲ್ಲಿ ಒಬ್ಬರು ತಮ್ಮ ಮನೆ ರಿಪೇರಿ ಮಾಡಿಸುವಾಗ ಗೋಡೆಯ ಹಿಂದೆ ಈ ನಗರದ ದಾರಿ ಮತ್ತೆ ಸಿಕ್ಕಿತು. ಪುಟ್ಟಿಗೆ ಇದನ್ನು ಹೇಳಿದಾಗ ಕೇಳಿದಳು: "ಕಲ್ಲು ಉರುಳಿಸೋವಾಗ ಯಾರಾದ್ರೂ ಆಚೆ ಇದ್ರೆ?"

ನಾನು ಉತ್ತರ ಹೇಳಲಿಲ್ಲ. ಅಷ್ಟರಲ್ಲಿ ಅಲಾರಂ ಹೊಡೆಯಿತು.

ಆ ಮಧ್ಯಾಹ್ನ

ಈಗ ಮೊದಲಿನ ಕಥೆಗೆ ಬರೋಣ.

ನಾನು ಕೋಣೆಗೆ ಹೋದಾಗ ಪುಟ್ಟಿ ಆಟವನ್ನು ನಿಲ್ಲಿಸಿದ್ದಳು. ಒಂದು ಕೀಲಿ ಒತ್ತಿದರೆ ಸೂರ್ಯಚಂದ್ರರೂ ನಿಂತುಬಿಡುವ ಅನುಕೂಲ ಆ ಲೋಕದಲ್ಲಿದೆ. ತೆರೆಯ ಅಂಚಿನಲ್ಲಿ ಗಾಬ್ಲಿನ್‌ಗಳ ದಂಡು. ಮುಂದಿನವರು ಯಾವುದೋ ಮೃಗಗಳ ಮೇಲೆ ಸವಾರಿ ಮಾಡಿಕೊಂಡು ಬಂದಿದ್ದರು. ಮರ ಕಡಿಯುವವರು ಆಗಲೇ ಓಡಿ ಒಳಗೆ ಸೇರಿದ್ದರು. ಮೇಕೆ ಮಾಮ ಮಾತ್ರ ಹುಲ್ಲುಗಾವಲಿನಲ್ಲಿದ್ದ. ಮೇಕೆಗಳಿಗೆ ಹುಲ್ಲು ಬೇಕು, ಬಂಡೆಯ ಒಳಗೆ ಹುಲ್ಲಿಲ್ಲ. ಹಾಲು ಕರೆಯಲು ಹೋದವನು ಅವನು.

ನಾನು ಬೆರಳಿಟ್ಟು ಚೌಕ ಎಣಿಸಿದೆ. ಮೇಕೆ ಮಾಮನಿಂದ ಸೇತುವೆಗೆ ಮೂವತ್ತೊಂದು ಚೌಕ. ಅವನ ಹಿಂದೆ ಸವಾರರು ಹದಿನೆಂಟು ಚೌಕ ದೂರ, ಅವನಿಗಿಂತ ವೇಗ. ಲಿವರ್ ಎಳೆಯಲು ಆಜ್ಞೆ ಕೊಟ್ಟರೂ ಒಬ್ಬ ಎದ್ದು ಬರಬೇಕು. ಎಳೆದ ಮೇಲೂ ಸೇತುವೆ ಏಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವನು ದಾಟಲಿ ಎಂದು ಕಾದರೆ ಅವನ ಬೆನ್ನಿಗೇ ಸವಾರರೂ ಒಳಗೆ. ಬಾಗಿಲಿನಿಂದ ನೇರ ಮುಂದೆ ಊಟದ ಮನೆ. ಅಲ್ಲಿ ಮಕ್ಕಳಿದ್ದರು.

ಲೆಕ್ಕ ಸ್ಪಷ್ಟವಾಗಿತ್ತು. "ಹಾಕು" ಎಂದೆ.

ಪುಟ್ಟಿ ನನ್ನ ಮುಖ ನೋಡಿದಳು. "ನೀನಾಗಿದ್ರೆ ಹಾಕ್ತಿದ್ಯಾ ತಾತ?"

ನಾನು ಹಾಕಿದ್ದೇನೆ. ಅದನ್ನು ಅವಳಿಗೆ ಆಗ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ಶನಿವಾರ. ಶನಿವಾರ ಬ್ಯಾಂಕು ಹನ್ನೆರಡಕ್ಕೆ ಮುಚ್ಚುತ್ತಿತ್ತು. ಆ ಹೊತ್ತಿಗೆ ಒಳಗಿದ್ದವರಿಗೆಲ್ಲ ಹಣ ಕೊಡಬೇಕು, ಹೊರಗಿದ್ದವರು ಮುಂದಿನ ಕೆಲಸದ ದಿನ ಬರಬೇಕು, ಇದು ಪದ್ಧತಿ. ಆವತ್ತು ಜವಾನ ರಜೆ. ಗ್ರಿಲ್ ಬಾಗಿಲು ಎಳೆಯಲು ನಾನೇ ಹೋದೆ. ಅರ್ಧ ಎಳೆದಿದ್ದೆ. ವಯಸ್ಸಾದ ಒಬ್ಬ ತಾಯಿ ರಸ್ತೆಯ ಆ ಬದಿಯಿಂದ ಕೈ ಎತ್ತಿಕೊಂಡು ಬರುತ್ತಿದ್ದರು. ಪಿಂಚಣಿಯ ಹಣಕ್ಕೆ ಬಂದವರು. ಬಸ್ಸು ತಡವಾಯಿತಂತೆ. ನಾನು ಗಡಿಯಾರ ನೋಡಿದೆ. ಹನ್ನೆರಡು ದಾಟಿ ಎರಡು ನಿಮಿಷ. "ಸೋಮವಾರ ಬನ್ನಿ ಅಮ್ಮ" ಎಂದು ಬಾಗಿಲು ಎಳೆದೆ.

ನಿಯಮ ನನ್ನ ಕಡೆಗಿತ್ತು. ಒಳಗೆ ಹಣವಿತ್ತು, ಹಣ ಎಣಿಸಿ ಟ್ಯಾಲಿ ಮಾಡಿ ಎರಡು ಬೀಗದ ಕೈಗಳಿಂದ ಸ್ಟ್ರಾಂಗ್ ರೂಮು ಮುಚ್ಚುವ ಜವಾಬ್ದಾರಿಯಿತ್ತು. ಆ ತಾಯಿ ಸೋಮವಾರ ಬಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಹೆಬ್ಬೆಟ್ಟು ಒತ್ತಿದರು, ಹಣ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಆ ಭಾನುವಾರ ಅವರ ಮನೆಯಲ್ಲಿ ಒಲೆ ಹತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಪುಟ್ಟಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. "ನಿನ್ನ ಕೋಟೆ, ನೀನೇ ಹೇಳಬೇಕು" ಎಂದುಬಿಟ್ಟೆ. ತಪ್ಪಿಸಿಕೊಳ್ಳುವ ಮಾತು ಅದು, ನನಗೆ ಗೊತ್ತು.

ಅವಳು ಲಿವರ್ ಎಳೆಯಲು ಆಜ್ಞೆ ಕೊಟ್ಟು ಆಟವನ್ನು ಮುಂದುವರಿಸಿದಳು. ಊಟದ ಮನೆಯಿಂದ ಎದ್ದು ಬಂದವನು ಯಾರು ಗೊತ್ತೇ? ಸೋಮಾರಿ ಶೆಟ್ಟಿ! ಆವತ್ತು ಅವನು ಸೋಮಾರಿತನ ಮಾಡಲಿಲ್ಲ. ಸೇತುವೆ ಎದ್ದಿತು. ಮೇಕೆ ಮಾಮ ಕಂದಕದ ಅಂಚಿಗೆ ಬಂದು ನಿಂತ. ಅವನ ಜೊತೆ ಒಂದು ಮೇಕೆಯೂ ಬಂದಿತ್ತು. ಅಲ್ಲಿಂದ ಮುಂದೆ ನಾವಿಬ್ಬರೂ ತೆರೆ ನೋಡಲಿಲ್ಲ. ನೋಡಿದಾಗ ಅವನ ಹೆಸರು ಸತ್ತವರ ಪಟ್ಟಿಯಲ್ಲಿತ್ತು.

ಆವತ್ತು ಸಂಜೆ ಅಜ್ಜಿ ಕರಿದ ಹಲಸಿನ ಹಪ್ಪಳವನ್ನು ಪುಟ್ಟಿ ಮುಟ್ಟಲಿಲ್ಲ. "ಬರೀ ಆಟ ಕಣೇ" ಎಂದಳು ಅಜ್ಜಿ. "ಗೊತ್ತು ಅಜ್ಜಿ" ಎಂದಳು ಪುಟ್ಟಿ. ಆದರೂ ತಿನ್ನಲಿಲ್ಲ.

ಮುತ್ತಿಗೆಯ ಲೆಕ್ಕ

ಮಾರನೇ ದಿನ ಮುತ್ತಿಗೆ ಮುಂದುವರಿಯಿತು. ಗಾಬ್ಲಿನ್‌ಗಳು ಕಂದಕದ ಆಚೆ ಬೀಡುಬಿಟ್ಟಿದ್ದರು. ಒಳಗೆ 83 ಜನ. ಈಗ ನಮ್ಮ ಗುಮಾಸ್ತನ ಬೆಲೆ ತಿಳಿಯಿತು. ದಾಸ್ತಾನು ಪುಸ್ತಕ ತೆಗೆದೆವು: ಊಟ 420, ಪಾನೀಯ 560. ಆ ಲೋಕದಲ್ಲಿ ಒಬ್ಬ ಕುಳ್ಳ ಮೂರು ತಿಂಗಳ ಒಂದು ಋತುವಿನಲ್ಲಿ ಸುಮಾರು ಎರಡು ಸಲ ಉಣ್ಣುತ್ತಾನೆ, ನಾಲ್ಕು ಸಲ ಕುಡಿಯುತ್ತಾನೆ. ನೋಟ್‌ಬುಕ್ಕಿನಲ್ಲಿ ಗುಣಾಕಾರ ಭಾಗಾಕಾರ ಪುಟ್ಟಿಯೇ ಮಾಡಿದಳು. ಒಂದು ಋತುವಿಗೆ ಊಟ 166, ಪಾನೀಯ 332. ಅಂದರೆ ಊಟ ಎರಡೂವರೆ ಋತುವಿಗೆ, ಪಾನೀಯ ಐದು ತಿಂಗಳಿಗೆ. ಜೊತೆಗೆ ಒಳಗೇ ಅಣಬೆ ಬೆಳೆಯುತ್ತಿದೆ. ಆತುರ ಬೇಡ.

ಮುತ್ತಿಗೆಯಲ್ಲಿ ಮೊದಲು ಸಾಯುವುದು ಧೈರ್ಯ. ಎಷ್ಟು ದಿನಕ್ಕೆ ಸಾಲುತ್ತದೆ ಎಂದು ಗೊತ್ತಿಲ್ಲದವನು ಎರಡನೇ ದಿನವೇ ಬಾಗಿಲು ತೆರೆಯುತ್ತಾನೆ. ಗೊತ್ತಿರುವವನು ಕಾಯುತ್ತಾನೆ. ಪುಟ್ಟಿ ಕಾದಳು. ಅಡ್ಡಬಿಲ್ಲಿನವರಿಗೆ ಅಭ್ಯಾಸ ಮಾಡಿಸಿದಳು, ಬೋನುಗಳನ್ನು ಹೆಚ್ಚಿಸಿದಳು, ಜನರನ್ನೆಲ್ಲ ಒಳಗಿನ ಕೋಣೆಗಳಿಗೆ ಸರಿಸಿದಳು. ಆಮೇಲೆ ದೊಡ್ಡ ಬಾಗಿಲು ಮುಚ್ಚಿಟ್ಟುಕೊಂಡೇ ಓಣಿಯ ಬಾಯಿಯ ಸೇತುವೆ ಇಳಿಸಿದಳು. ದಾರಿ ತೆರೆದದ್ದೇ ದಂಡು ಅದರೊಳಗೆ ನುಗ್ಗಿತು. ಹದಿನಾಲ್ಕು ಬೋನುಗಳು ಬಿದ್ದವು. ಕಿಂಡಿಗಳಿಂದ ಬಾಣ ಬಂದವು. ಮುಖಂಡ ಬಿದ್ದ ಮೇಲೆ ಉಳಿದವರು ಓಡಿದರು.

ನಾನು ಚಪ್ಪಾಳೆ ತಟ್ಟಿದೆ. ಪುಟ್ಟಿ ತಟ್ಟಲಿಲ್ಲ. ಸೇತುವೆ ಇಳಿಸಿ, ಮೊದಲ ಕೆಲಸವಾಗಿ ಮೇಕೆ ಮಾಮನನ್ನು ಒಳಗೆ ತರಲು ಆಜ್ಞೆ ಕೊಟ್ಟಳು. ಈ ಆಟದಲ್ಲಿ ಸತ್ತವರನ್ನು ಮರೆಯುವ ಹಾಗಿಲ್ಲ. ಹೂಳದೆ, ಹೆಸರು ಕೆತ್ತದೆ ಬಿಟ್ಟರೆ ಅವರು ದೆವ್ವವಾಗಿ ಊರಿನಲ್ಲಿ ಓಡಾಡುತ್ತಾರೆ. ಅವನಿಗೆ ಕಲ್ಲಿನ ಪೆಟ್ಟಿಗೆ ಆಯಿತು. ನೆನಪಿನ ಕಲ್ಲೊಂದನ್ನೂ ಕೆತ್ತಿಸಿ ಬಾಗಿಲ ಒಳಬದಿಯಲ್ಲಿ ನಿಲ್ಲಿಸಿದಳು.

ಎರಡನೇ ಬಾಗಿಲು

ಅಂದು ರಾತ್ರಿ ಮಹಡಿಯ ಮೇಲೆ ಗಾಳಿಗೆ ಕೂತಿದ್ದಾಗ ಅವಳಿಗೆ ಬ್ಯಾಂಕಿನ ಕಥೆ ಹೇಳಿದೆ. ಮೂವತ್ತೈದು ವರ್ಷಕ್ಕೂ ಮೇಲೆ ನಮ್ಮ ಮನೆಯಾಕೆಗೂ ಹೇಳದ ಕಥೆ. ಪುಟ್ಟಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಗ್ರಿಲ್ ಬಾಗಿಲಿಗೂ ಕೌಂಟರಿಗೂ ಮಧ್ಯೆ ಜಾಗ ಇರ್ಲಿಲ್ವಾ ತಾತ?"

ಇತ್ತು. ಬೆಂಚು ಹಾಕಿದ್ದ ಜಾಗ. ಅವರನ್ನು ಅಲ್ಲಿಗೆ ಕರೆದು ಕೂರಿಸಿ, ಗ್ರಿಲ್ ಎಳೆದು, ಚೀಟಿ ಒಳಗೆ ಕೊಟ್ಟಿದ್ದರೆ ಆಗುತ್ತಿತ್ತು. ಕ್ಯಾಷಿಯರ್ ಇನ್ನೂ ಎಣಿಸಲು ಶುರು ಮಾಡಿರಲಿಲ್ಲ. ಐದು ನಿಮಿಷದ ಕೆಲಸ. ಇಷ್ಟು ವರ್ಷ ನಾನು ನಿಯಮ ಸರಿಯೋ ತಪ್ಪೋ ಎಂದೇ ಯೋಚಿಸುತ್ತಿದ್ದೆ. ಬೆಂಚಿನ ನೆನಪೇ ಆಗಿರಲಿಲ್ಲ.

ಮರುದಿನ ಪುಟ್ಟಿ ಕೋಟೆಗೆ ಎರಡನೇ ಸೇತುವೆ ಕಟ್ಟಲು ಶುರು ಮಾಡಿದಳು. ಹೊರಗೊಂದು, ಒಳಗೊಂದು, ಮಧ್ಯೆ ಒಂದು ಅಂಗಳ. ದಂಡು ಬಂದರೆ ಒಳಗಿನದು ಮೊದಲು ಏಳುತ್ತದೆ; ಊರು ಭದ್ರ. ಹೊರಗಿನದು ಕಡೆಯ ಗಳಿಗೆಯವರೆಗೆ ತೆರೆದಿರುತ್ತದೆ. ಓಡಿ ಬಂದವನು ಅಂಗಳ ಸೇರಿಕೊಳ್ಳಬಹುದು. ಅವನ ಹಿಂದೆ ಒಬ್ಬಿಬ್ಬರು ಶತ್ರುಗಳು ಬಂದರೂ ಅಂಗಳದಲ್ಲಿ ಬೋನುಗಳಿವೆ, ಕಿಂಡಿಗಳಿವೆ. ಎಲ್ಲರೂ ಉಳಿಯುತ್ತಾರೆ ಎಂದು ಖಾತ್ರಿಯಿಲ್ಲ. ಆದರೆ 'ಹಾಕಲೋ ಬೇಡವೋ' ಎಂಬ ಒಂದೇ ಪ್ರಶ್ನೆಗೆ ಮನುಷ್ಯ ಸಿಕ್ಕಿಕೊಳ್ಳುವುದಿಲ್ಲ.

ಮೇಕೆಗಳ ಹುಲ್ಲಿನ ಸಮಸ್ಯೆಗೂ ದಾರಿಯೊಂದಿದೆ. ಇನ್ನೂ ಆಳಕ್ಕೆ ಅಗೆದು ಅಲ್ಲಿರುವ ಗುಹೆಗಳನ್ನು ತೆರೆದರೆ, ಆಮೇಲೆ ನೆಲದಡಿಯ ಮಣ್ಣಿನ ಮೇಲೂ ಪಾಚಿ ಬೆಳೆಯುತ್ತದೆ, ಮೇಕೆಗಳು ಅದನ್ನು ಮೇಯುತ್ತವೆ. ಆದರೆ ಆ ಗುಹೆಗಳಲ್ಲಿ ಹೆಸರೂ ಕೇಳದ ಮೃಗಗಳಿವೆ. ಮೇಲಿನ ಬಾಗಿಲ ಭಯ ಕಳೆಯಲು ಕೆಳಗೊಂದು ಬಾಗಿಲು ತೆರೆಯಬೇಕು. ತೆರೆಯಬೇಕೇ? ಇದರ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ. ಅವಳು ತೆರೆಯೋಣ ಎನ್ನುತ್ತಾಳೆ, ನಾನು ಮೊದಲು ಬೀಗ ತಯಾರಾಗಲಿ ಎನ್ನುತ್ತೇನೆ.

ರಜೆ ಮುಗಿಯುವ ಮುಂಚೆ ಊರಿನ ಜಾತ್ರೆಗೆ ಹೋಗಿದ್ದೆವು. ಕೆರೆ ಏರಿಯ ಕೆಳಗೆ ಒಂದು ವೀರಗಲ್ಲಿದೆ. ನಾನು ಹುಡುಗನಾಗಿದ್ದಾಗ ಅದಕ್ಕೆ ಒರಗಿ ಕೂತು ಕಡಲೆಕಾಯಿ ತಿಂದವನು. ಪುಟ್ಟಿ ಅದರ ಮುಂದೆ ನಿಂತಳು. ಕೆಳಗಿನ ಸಾಲಿನಲ್ಲಿ ದನಗಳು, ಅವುಗಳ ಮುಂದೆ ಕತ್ತಿ ಹಿಡಿದ ಒಬ್ಬ. ನಡುವಿನ ಸಾಲಿನಲ್ಲಿ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಸಾಲಿನಲ್ಲಿ ಅವನು ಶಿವನ ಸನ್ನಿಧಿಯಲ್ಲಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು ಎಂದು ಹೇಳಿದೆ.

"ಇವನೂ ಮೇಕೆ ಮಾಮನ ಥರಾನೇ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಇವನಿಗೂ ಯಾರಾದ್ರೂ ಬಾಗಿಲು ಹಾಕಿದ್ರಾ?"

"ಗೊತ್ತಿಲ್ಲ ಪುಟ್ಟಿ. ಕಲ್ಲು ನಿಲ್ಲಿಸಿದವರಿಗೆ ಗೊತ್ತಿತ್ತೇನೋ."

ಅವಳು ಬಾಟಲಿಯ ನೀರು ಹಾಕಿ ಕಲ್ಲಿನ ಧೂಳು ತೊಳೆದಳು. ನಾನು ಅಂಗವಸ್ತ್ರದಲ್ಲಿ ಒರೆಸಿದೆ. ಇನ್ನು ಆ ಕಲ್ಲಿಗೆ ಒರಗಿ ಕೂರುವುದು ನನ್ನಿಂದಾಗದು.

ಈಗ ಶಾಲೆ ಶುರುವಾಗಿದೆ. ಅವಳ ಊರಿನಲ್ಲಿ ಅವಳು, ನಮ್ಮ ಊರಿನಲ್ಲಿ ನಾವು. ಶನಿವಾರ ಸಂಜೆ ಮಾತ್ರ ಒಂದು ಗಂಟೆ ಆಟಕ್ಕೆ ಅಪ್ಪಣೆ. ಮುಗಿದ ಮೇಲೆ ನನಗೆ ಫೋನು ಬರುತ್ತದೆ. ಹೋದ ವಾರದ ಸುದ್ದಿ ಇಷ್ಟು: ಒಳಗಿನ ಸೇತುವೆ ಮುಗಿದಿದೆ, ಅಂಗಳದಲ್ಲಿ ಕೂರಲು ಕಲ್ಲಿನ ಬೆಂಚೂ ಹಾಕಿಸಿದ್ದಾಳಂತೆ.

"ಕುಳ್ಳರಿಗೆ ಅಲ್ಲಿ ಬೆಂಚು ಯಾಕೆ?" ಎಂದು ಕೇಳಿದೆ.

"ನಿಂಗೊತ್ತಲ್ಲ ತಾತ" ಎಂದಳು.